ರೈಲು ನಿಲ್ಲಿಸಲು ಕಲಿಸುವವರು ಯಾರು?

ತೊರವಿಗೆ ರೈಲಿಲ್ಲ, ರೈಲ್ವೆ ನೌಕರಿಯ ಆಸೆ ಮಾತ್ರ ಬೇಕಾದಷ್ಟಿದೆ. ತೊರವಿ, ತಿಕೋಟಾ, ಬಬಲೇಶ್ವರದ ಕಡೆಯಿಂದ ಬಸ್ ಹತ್ತಿ ವಿಜಯಪುರದ ಕೋಚಿಂಗ್ ಕ್ಲಾಸುಗಳಿಗೆ ಬರುವ ಹುಡುಗ ಹುಡುಗಿಯರ ಬ್ಯಾಗಿನಲ್ಲಿ ಪೊಲೀಸ್, ಪಿಡಿಒ ಪುಸ್ತಕಗಳ ಜೊತೆ ರೈಲ್ವೆ ‘ಗ್ರೂಪ್ ಡಿ’ ಗೈಡೂ ಇರುತ್ತದೆ. ಈ ಪರೀಕ್ಷೆಯಲ್ಲಿ ತೊಂಬತ್ತು ನಿಮಿಷಕ್ಕೆ ನೂರು ಪ್ರಶ್ನೆ: ಗಣಿತ 25, ವಿಜ್ಞಾನ 25, ರೀಸನಿಂಗ್ 30, ಉಳಿದ 20 ಸಾಮಾನ್ಯ ಜ್ಞಾನ ಮತ್ತು ಪ್ರಚಲಿತ ವಿದ್ಯಮಾನ. ಆಮೇಲೆ ದೈಹಿಕ ಪರೀಕ್ಷೆ. ಹುಡುಗರು 35 ಕಿಲೊ ಭಾರ ಹೊತ್ತು, ಎಲ್ಲೂ ಇಳಿಸದೆ, ಎರಡು ನಿಮಿಷದಲ್ಲಿ ನೂರು ಮೀಟರ್ ದಾಟಬೇಕು. ಹುಡುಗಿಯರಿಗೆ 20 ಕಿಲೊ. ಕ್ಲಾಸಿನವರು ಪಾಸು ಮಾಡಿಸುತ್ತೇವೆ ಎಂದು ಮಾತು ಕೊಡುತ್ತಾರೆ, ಅದಕ್ಕೆ ತಕ್ಕಂತೆ ದುಡಿಯುತ್ತಾರೆ. ಅವರನ್ನು ಬೈದು ಫಲವಿಲ್ಲ. ಹಳಿ ಕಾಯುವವನನ್ನು ಆರಿಸುವ ಪರೀಕ್ಷೆಯಲ್ಲಿ ಹಳಿಯ ಮಾತೇ ಇಲ್ಲದಿದ್ದರೆ ಅದು ಕ್ಲಾಸಿನವರ ತಪ್ಪಲ್ಲ.

ಹಳಿಯ ಮಾತು ಶುರುವಾಗುವುದು ನೌಕರಿ ಸಿಕ್ಕ ಮೇಲೆ, ಇಲಾಖೆಯ ತರಬೇತಿ ಕೇಂದ್ರಗಳಲ್ಲಿ. ಅಲ್ಲಿನ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಡಿಟೋನೇಟರ್ ಕವಾಯತು. ಹಳಿ ಮುರಿದಿದೆ, ಅಥವಾ ಗೇಟಿನಲ್ಲಿ ಟ್ರ್ಯಾಕ್ಟರ್ ಸಿಕ್ಕಿಬಿದ್ದಿದೆ ಎನ್ನಿ. ಹಳಿ ಕಾಯುವ ಕೀಮನ್ ಕೆಂಪು ಬಾವುಟ ನೆಟ್ಟು ರೈಲು ಬರುವ ದಿಕ್ಕಿಗೆ ಓಡಬೇಕು. 600 ಮೀಟರಿಗೆ ಹಳಿಯ ಮೇಲೆ ಒಂದು ಡಿಟೋನೇಟರ್, 1,200 ಮೀಟರಿಗೆ ಹತ್ತತ್ತು ಮೀಟರ್ ಬಿಟ್ಟು ಮೂರು. ಗಾಲಿ ಹತ್ತಿದೊಡನೆ ಅವು ಸಿಡಿಯುತ್ತವೆ, ಲೋಕೊ ಪೈಲಟ್ ಬ್ರೇಕ್ ಹಾಕುತ್ತಾನೆ. 1876–78ರ ಭೀಕರ ಬರದ ಬೆನ್ನಿಗೆ ಸದರ್ನ್ ಮರಾಠಾ ರೈಲ್ವೆ ಹಾಕಿದ ವಿಜಯಪುರದ ಮೇಲೆ ಹಾಯುವ ನಮ್ಮ ಹೋಟಗಿ–ಗದಗ ಮಾರ್ಗ ಮೊದಲು ಮೀಟರ್ ಗೇಜಿನದಾಗಿತ್ತು. ಆ ಕಾಲದವರು ಬಾಯಿಪಾಠ ಮಾಡಿದ್ದ ಲೆಕ್ಕ 400 ಮತ್ತು 800. ಬ್ರಾಡ್ ಗೇಜ್ ಬಂದು ರೈಲಿನ ತೂಕ, ವೇಗ ಏರಿದವು, ಓಡುವ ದೂರವೂ ಏರಿತು. ಓಡುವ ಕಾಲು ಅದೇ.

ಕವಾಯತು ಚೆನ್ನಾಗಿದೆ, ಏಕೆಂದರೆ ಅದು ನಿಯಮವನ್ನು ಬಾಯಿಂದ ಮೈಗೆ ಇಳಿಸುತ್ತದೆ. ಆದರೆ ಅಂಗಳದಲ್ಲಿ ದಿಕ್ಕು ಮೊದಲೇ ಗೊತ್ತಿರುತ್ತದೆ. ಈ ಮಾರ್ಗ ನೂರು ವರ್ಷಕ್ಕೂ ಹೆಚ್ಚು ಕಾಲ ಒಂಟಿ ಹಳಿಯದ್ದಾಗಿತ್ತು. ಒಂಟಿ ಹಳಿಯಲ್ಲಿ ರೈಲು ಎರಡೂ ಕಡೆಯಿಂದ ಬರಬಹುದು, ಕೀಮನ್ ಒಬ್ಬನೇ ಇರುತ್ತಾನೆ. ಮೊದಲ ರೈಲು ಯಾವ ಕಡೆಯಿಂದ ಬರುವ ನಿರೀಕ್ಷೆ ಇದೆಯೋ ಆ ಕಡೆ ಮೊದಲು ಓಡು ಎನ್ನುತ್ತದೆ ನಿಯಮ. ಪ್ಯಾಸೆಂಜರ್ ಗಾಡಿಗಾದರೆ ವೇಳಾಪಟ್ಟಿ ಇದೆ. ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ತರುವ ಗೂಡ್ಸ್ ಇಷ್ಟೇ ಹೊತ್ತಿಗೆ ಬರುತ್ತದೆಂದು ಕೀಮನ್‌ಗೆ ಹೇಳುವವರು ಯಾರು? ಪರೀಕ್ಷಕರು ಡಿಟೋನೇಟರ್ ಎಷ್ಟು, ಎಷ್ಟು ದೂರಕ್ಕೆ ಎಂದು ಕೇಳುತ್ತಾರೆ. ಯಾವ ಕಡೆ ಓಡುತ್ತೀ, ಯಾಕೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಅದಕ್ಕಿಂತ ದೊಡ್ಡ ಕೊರತೆ ಒಂದಿದೆ. ನಮ್ಮ ತರಬೇತಿ ನಿಯಮ ಕಲಿಸುತ್ತದೆ, ಆ ನಿಯಮಕ್ಕಾಗಿ ರೈಲನ್ನು ತಡೆದು ನಿಲ್ಲಿಸುವ ಎದೆಗಾರಿಕೆ ಕಲಿಸುವುದಿಲ್ಲ. 2023ರ ಫೆಬ್ರವರಿ 8ರಂದು ನೈರುತ್ಯ ರೈಲ್ವೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ದಾರಿ ತೋರಿಸುತ್ತಿತ್ತು, ಗಾಡಿಯ ಹಳಿ ಬದಲಿಸುವ ಪಾಯಿಂಟ್ ಇನ್ನೊಂದು ದಾರಿಗೆ ತಿರುಗಿತ್ತು. ಆ ದಾರಿಯ ಎದುರಿಗೆ ಗೂಡ್ಸ್ ರೈಲು. ಲೋಕೊ ಪೈಲಟ್ ಸಿಗ್ನಲ್ ನೋಡಿ ಸುಮ್ಮನಾಗದೆ ಪಾಯಿಂಟನ್ನೂ ನೋಡಿದ, ಗಾಡಿ ನಿಲ್ಲಿಸಿದ. ಇಂಥದ್ದು ಆಗಬಾರದೆಂದೇ ನಿಯಮವಿದೆ: ಸಿಗ್ನಲ್ ಉಪಕರಣ ಬಿಚ್ಚುವ ಮುನ್ನ ಟಿ/351 ನಮೂನೆಯಲ್ಲಿ ಸ್ಟೇಷನ್ ಮಾಸ್ಟರಿಗೆ ಬರೆದುಕೊಟ್ಟು ಡಿಸ್‌ಕನೆಕ್ಷನ್ ಪಡೆಯಬೇಕು, ಮುಗಿದ ಮೇಲೆ ಪರೀಕ್ಷಿಸಿ ಮರಳಿ ಒಪ್ಪಿಸಬೇಕು. ಸಿಗ್ನಲ್ ವಿಭಾಗದಲ್ಲಿ ಇದು ಗೊತ್ತಿಲ್ಲದ ನೌಕರನಿಲ್ಲ. ಮರುದಿನವೇ ವಲಯದ ಹಿರಿಯ ಅಧಿಕಾರಿಯೊಬ್ಬರು ಇದು ವ್ಯವಸ್ಥೆಯ ಗಂಭೀರ ಲೋಪವೆಂದು ಪತ್ರ ಬರೆದರು. ನಾಲ್ಕು ತಿಂಗಳೂ ಕಳೆದಿರಲಿಲ್ಲ, ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಅಪಘಾತವಾಗಿ 290ಕ್ಕೂ ಹೆಚ್ಚು ಜನ ಸತ್ತರು. ಗೇಟೊಂದರ ವಿದ್ಯುತ್ ತಡೆಗಂಬ ಬದಲಿಸುವಾಗ ಸಿಗ್ನಲ್ ಸರ್ಕ್ಯೂಟಿನಲ್ಲಾದ ಲೋಪದತ್ತ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟು ಮಾಡಿತು.

ಇಂಥ ಅಪಘಾತಗಳ ಬೆನ್ನಿಗೆ ತಪ್ಪದೆ ಬರುವ ಪರಿಹಾರವೆಂದರೆ ರಿಫ್ರೆಶರ್ ಕೋರ್ಸ್. ಸಿಕಂದರಾಬಾದಿನಲ್ಲಿ 1957ರಿಂದ ಸಿಗ್ನಲ್ ಸಂಸ್ಥೆ ಇದೆ, ಪುಣೆಯಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಇದೆ, ಎರಡೂ ಒಳ್ಳೆಯವೇ. ಆದರೆ ಡಿಸ್‌ಕನೆಕ್ಷನ್ ಕೊಟ್ಟರೆ ಗಾಡಿ ತಡವಾಗುತ್ತದೆ, ತಡವಾದರೆ ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್‌ನಿಂದ ಫೋನ್ ಬರುತ್ತದೆ. ‘ಎಷ್ಟೊತ್ರೀ ಇನ್ನೂ?’ ಎಂಬ ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂಬುದು ಕೋರ್ಸಿನಲ್ಲಿ ಬರುವುದಿಲ್ಲ. ಅದನ್ನು ಸಿಗ್ನಲ್ ದುರಸ್ತಿಯ ಮೇಂಟೇನರ್‌ಗೆ ಮಾತ್ರ ಕಲಿಸಿದರೆ ಸಾಲದು, ಫೋನ್ ಮಾಡುವವನನ್ನೂ ಅದೇ ಬೆಂಚಿನಲ್ಲಿ ಕೂರಿಸಬೇಕು. ಸದ್ಯ ಎಂಜಿನಿಯರಿಂಗ್, ಸಿಗ್ನಲ್, ಆಪರೇಟಿಂಗ್ ಬಹುಮಟ್ಟಿಗೆ ತಂತಮ್ಮ ಪಾಠ ತಂತಮ್ಮಲ್ಲೇ ಓದುತ್ತವೆ. ಅಪಘಾತ ಮಾತ್ರ ಅವು ಕೂಡುವ ಜಾಗದಲ್ಲೇ ಆಗುತ್ತದೆ.

ದುರಸ್ತಿಯವನಿಗೆ ಜಾಗ, ಸಮಯ ಬಿಟ್ಟುಕೊಡಬೇಕೆಂಬ ಮಾತು ತೊರವಿಯವರಿಗೆ ಬೇಗ ತಿಳಿದೀತು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ವಿಜಯಪುರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ತಂದವರು ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳನ್ನು ತೋಡಿದ್ದರು. ಗಾಳಿಗೂ ಅವೇ, ಮನುಷ್ಯ ಇಳಿದು ಹೂಳು ತೆಗೆಯುವುದಕ್ಕೂ ಅವೇ. ದುರಸ್ತಿಯವನಿಗೆ ಜಾಗ ಮೊದಲೇ ನಕ್ಷೆಯಲ್ಲಿತ್ತು. ರೈಲ್ವೆಯಲ್ಲಿ ದುರಸ್ತಿಯವನು ಗಾಡಿ ತಡೆದು ಹಳಿ ಬಿಟ್ಟುಕೊಡುವ ‘ಬ್ಲಾಕ್’ ಕೇಳಿ, ಕಾದು, ಸಿಕ್ಕಷ್ಟು ನಿಮಿಷದಲ್ಲಿ ಕೆಲಸ ಮುಗಿಸಬೇಕು. ಎರೆಮಣ್ಣಿನ ಮೇಲಿನ ಮಾರ್ಗ ಮಳೆಗಾಲದಲ್ಲಿ ಕುಸಿಯುತ್ತದೆ, ಖಡಿ ಮಣ್ಣೊಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಉದ್ದ ಬೆಸುಗೆಯ ಹಳಿ ಬಿಸಿಲಿಗೆ ಹಿಗ್ಗಿ ಸೊಟ್ಟಗಾಗುವ ಭಯ. ಇವೆರಡೂ ವೇಳಾಪಟ್ಟಿ ಕೇಳುವುದಿಲ್ಲ.

ಸಾಯುವವರಲ್ಲಿ ಹಳಿಯ ಮೇಲೆ ದುಡಿಯುವವರೂ ಇದ್ದಾರೆ. 2007–08ರಿಂದ 2011ರ ಅಕ್ಟೋಬರ್‌ವರೆಗೆ ಸುಮಾರು 1,600 ರೈಲ್ವೆ ನೌಕರರು ಕೆಲಸದಲ್ಲಿದ್ದಾಗ ಸತ್ತರೆಂದು 2012ರಲ್ಲಿ ರೈಲ್ವೆ ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ ಬರೆಯಿತು. ಇದು ಬರೀ ನೌಕರರ ಲೆಕ್ಕ. ಹೋಟಗಿ–ಗದಗ ಜೋಡಿ ಮಾರ್ಗದ ಕಾಮಗಾರಿಯಲ್ಲಿ ಓಡುವ ಗಾಡಿಗಳ ಪಕ್ಕದಲ್ಲೇ ಸಲಿಕೆ ಹಿಡಿದ ಗುತ್ತಿಗೆ ಕೂಲಿಗಳು ಯಾವ ಕೋರ್ಸಿಗೆ ಸೇರಿದವರು? ಗುತ್ತಿಗೆದಾರನ ಮೇಲ್ವಿಚಾರಕನಿಗೆ ಅರ್ಹತಾ ಪ್ರಮಾಣಪತ್ರ ಬೇಕು. ಕೂಲಿಯವನಿಗೆ ಸಿಗುವ ಪಾಠ ಲುಕ್‌ಔಟ್ ಮನುಷ್ಯನ ಸೀಟಿಯೊಂದೇ.

ಇಲ್ಲಿಗೆ ಹೊಂದುವ ಒಂದು ಕೋರ್ಸ್ ಈಗಾಗಲೇ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ರೈಲ್ ಕೌಶಲ್ ವಿಕಾಸ್ ಯೋಜನೆ: ಎಸ್ಸೆಸ್ಸೆಲ್ಸಿ ಪಾಸಾದ 18ರಿಂದ 35 ವರ್ಷದವರಿಗೆ ನೂರು ಗಂಟೆಗಳ ಉಚಿತ ತರಬೇತಿ. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಎಂದು ಶುರುವಾಗಿ, ಆಮೇಲೆ ಹಳಿ ಹಾಕುವ ಕೆಲಸವೂ ಪಟ್ಟಿಗೆ ಸೇರಿತು. ಇದರಿಂದ ರೈಲ್ವೆ ನೌಕರಿಯ ಹಕ್ಕು ಬರುವುದಿಲ್ಲ ಎಂದು ಯೋಜನೆಯೇ ಹೇಳುತ್ತದೆ, ಆದ್ದರಿಂದ ಕೋಚಿಂಗ್ ಕ್ಲಾಸಿನ ಹುಡುಗರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತನೇ ತರಗತಿಯ ಷರತ್ತು ಸಡಿಲಿಸಿ, ಹಳಿಯ ಪಕ್ಕದಲ್ಲೇ, ಕೂಲಿ ಕೊಟ್ಟು, ಕನ್ನಡದಲ್ಲಿ ಈ ನೂರು ಗಂಟೆಗಳನ್ನು ಗುತ್ತಿಗೆ ಕೂಲಿಗಳಿಗೆ ಕಲಿಸಬಹುದು. ಟೆಂಡರಿನಲ್ಲಿ ಅದಕ್ಕೊಂದು ಕಲಮು ಸೇರಿಸಿದರೆ ಖರ್ಚು ಕಾಮಗಾರಿಯ ಲೆಕ್ಕದಲ್ಲೇ ಬರುತ್ತದೆ.