ಸಂಕಮ್ಮ ಕೊಡದ ಭಾಷೆ

ನಮ್ಮ ಹರವೆಯ ಕಡೆ ಹರಕೆ ಹೊತ್ತವರು ಮನೆಯ ಮುಂದೆ ಚಪ್ಪರ ಹಾಕಿಸಿ ರಾತ್ರಿಯಿಡೀ ಮಾದಪ್ಪನ ಕತೆ ಮಾಡಿಸುವುದುಂಟು. ನಾನು ಹೈಸ್ಕೂಲಿನಲ್ಲಿದ್ದಾಗ ಅಂಥದೊಂದು ರಾತ್ರಿ ದೇವರಗುಡ್ಡರು ಸಂಕಮ್ಮನ ಸಾಲು ಹಿಡಿದಿದ್ದರು. ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಬಲಗೈ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ. ಕತೆ ಅಲ್ಲಿಗೆ ಬಂದಾಗ ಹಾಡುಗಾರರು ಕಂಸಾಳೆ ಕೆಳಗಿಟ್ಟು ಟೀ ಕುಡಿಯಲು ಎದ್ದರು. ನನ್ನಜ್ಜಿ ತನ್ನಷ್ಟಕ್ಕೆ ಎಂಬಂತೆ, "ಕೊಟ್ಬುಡಬಾರ್ದಾ ಒಂದ್ ಬಾಸೆಯ? ಈ ಪಾಡೆಲ್ಲ ತಪ್ತಿತ್ತು" ಅಂದಳು. ಪಕ್ಕದಲ್ಲಿ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದ ಹೆಂಗಸು ತಲೆ ಎತ್ತದೆಯೇ, "ಅದ್ಯಾಕ್ ಕೊಟ್ಟಾಳಕ್ಕ? ಧಾರೆ ದಿನ ಕೊಟ್ಟ ಕೈ ಸಾಲ್ದಾ ಅವನ್ಗೆ?" ಅಂದಳು. ಅಜ್ಜಿ ಸುಮ್ಮನಾದಳು. ಟೀ ಮುಗಿಯಿತು, ಕತೆ ಮುಂದುವರಿಯಿತು.

ಹತ್ತು ಹನ್ನೆರಡು ವರ್ಷದ ನಂತರ ನಾನು ಇದೇ ಕಾವ್ಯದ ಮೇಲೆ ಪಿಎಚ್.ಡಿ.ಗೆ ಸೇರಿದೆ. ಮೊದಲ ಸೆಮಿನಾರಿನಲ್ಲಿ ಓದಿದ ಪ್ರಬಂಧದಲ್ಲಿ ಸಂಕಮ್ಮನನ್ನು 'ಜನಪದ ಪತಿವ್ರತೆ' ಎಂದು ಕರೆದಿದ್ದೆ. ಯಾರೂ ಆಕ್ಷೇಪಿಸಲಿಲ್ಲ. ಆ ಮಾತು ಎಷ್ಟು ತಪ್ಪು ಎಂದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು. ಪತಿವ್ರತೆಯಾದವಳು ಗಂಡ ಕೇಳಿದ್ದನ್ನು ಕೊಡುತ್ತಾಳೆ. ಸಂಕಮ್ಮನ ಕತೆ ಶುರುವಾಗುವುದೇ ಅವಳು ಕೊಡದೇ ಇರುವುದರಿಂದ. ಹಾಲು ಕುಡಿಸುತ್ತಿದ್ದ ಆ ಹೆಂಗಸಿಗೆ ಇದು ಟೀ ಹೊತ್ತಿನಲ್ಲೇ ಗೊತ್ತಿತ್ತು.

ಮಲೆ ಮಾದೇಶ್ವರ ಕಾವ್ಯದ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ಹುಲಿಯ ಬೆನ್ನೇರಿ ಎಪ್ಪತ್ತೇಳು ಮಲೆ ಸುತ್ತುವ ಮಾಯಕಾರ ಜಂಗಮ, ಅವನು ಅರಗಿನ ಪಾದರಕ್ಷೆಯ ಉಪಾಯದಿಂದ ಕೊಂದ ಶ್ರವಣ ದೊರೆ, ಆ ಪಾದರಕ್ಷೆ ಹೊಲಿದ ಹರಳಯ್ಯ, ಗುಡಿ ಕಟ್ಟಿಸಿದ ಕುರಿಗಳ ಸಾಹುಕಾರ ಆಲಂಬಾಡಿ ಜುಂಜೇಗೌಡ: ಇವರೆಲ್ಲ ಇರುವ ಲೋಕ ಅದು. ಪಿ.ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್ ಮೊದಲಾದವರು ಬೇರೆ ಬೇರೆ ಹಾಡುಗಾರರಿಂದ ಇದನ್ನು ಸಂಗ್ರಹಿಸಿದ್ದಾರೆ. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಠ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದಿದ್ದು, ಸಾಹಿತ್ಯ ಅಕಾಡೆಮಿ 2001ರಲ್ಲಿ ಅದನ್ನು ಪ್ರಕಟಿಸಿತು. ನಮ್ಮ ಹಾಸ್ಟೆಲಿನಲ್ಲಿ ಹ್ಯಾರಿ ಪಾಟರ್ ಓದಿ ಬೆಳೆದ ಗೆಳತಿಯರಿಗೆ ನಾನು ಇದನ್ನು 'ನಮ್ಮ ಫ್ಯಾಂಟಸಿ' ಎಂದೇ ಪರಿಚಯಿಸುತ್ತಿದ್ದೆ. ಊರಿನಲ್ಲಿ ಹಾಗಂದರೆ ಬೈಸಿಕೊಳ್ಳಬೇಕಾದೀತು. ಅಲ್ಲಿ ಮಾದಪ್ಪ ಪಾತ್ರವಲ್ಲ, ಮನೆದೇವರು. ಆದರೂ ಕತೆ ಕೇಳುವಾಗ ಅದೇ ಜನ ಅವನನ್ನು ಪಾತ್ರದಂತೆಯೇ ಅಳೆಯುತ್ತಾರೆ, ಕೆಲವೊಮ್ಮೆ ನಗುತ್ತಾರೆ, ಕೆಲವೊಮ್ಮೆ "ಇವನ್ದೂ ಅತಿಯಾಯ್ತು" ಅನ್ನುತ್ತಾರೆ. ಆ ಸಲಿಗೆಯಲ್ಲೇ ನಾನೂ ಇಲ್ಲಿ ಮಾತಾಡುತ್ತಿದ್ದೇನೆ.

ಸಂಕಮ್ಮ ಸೋಲಿಗರ ಹೆಣ್ಣು. ಮಕ್ಕಳಿಲ್ಲ. ಗಂಡ ನೀಲೇಗೌಡ ಕುಲದವರ ಜೊತೆ ದೂರದ ಮಲೆಗೆ ಹೊರಡಬೇಕು. ತಾನಿಲ್ಲದಾಗ ಇವಳು ದಾರಿ ತಪ್ಪಿದರೆ ಎಂಬ ಅನುಮಾನ ಅವನಿಗೆ. ಅದಕ್ಕೆ ಭಾಷೆ ಕೇಳುತ್ತಾನೆ. ಅವಳ ಉತ್ತರದ ತಿರುಳು ಇಷ್ಟು: ಹಿರಿಯರ ಮುಂದೆ ಒಮ್ಮೆ ಕೈ ಕೊಟ್ಟಾಗಿದೆ, ಮತ್ತೆ ಕೊಡಲಾರೆ. ಅವಳು ನಿಷ್ಠೆಯನ್ನು ನಿರಾಕರಿಸುತ್ತಿಲ್ಲ. ನಿಷ್ಠೆಗೆ ಎರಡನೇ ಸಲ ಸಾಕ್ಷಿ ಕೇಳುವುದನ್ನು ನಿರಾಕರಿಸುತ್ತಿದ್ದಾಳೆ. ಎರಡನೇ ಭಾಷೆ ಕೊಟ್ಟರೆ ಮೊದಲನೆಯದು ಸುಳ್ಳಾಯಿತು ಎಂದು ಅವಳೇ ಒಪ್ಪಿದಂತೆ. ಇದು ತರ್ಕದ ಮಾತು, ಭಾವಾವೇಶದ್ದಲ್ಲ. ಈ ತರ್ಕಕ್ಕೆ ನೀಲೇಗೌಡನ ಬಳಿ ಉತ್ತರವಿಲ್ಲ. ಉತ್ತರವಿಲ್ಲದವನು ಕೈ ಎತ್ತುತ್ತಾನೆ. ಹೊಡೆಯುತ್ತಾನೆ, ಕಾಡಿನ ನಡುವೆ ಗುಡಿಸಲು ಹಾಕಿ ಅದರೊಳಗೆ ಅವಳನ್ನು ಕೂಡಿ, ಸುತ್ತ ಮಾಟಮಂತ್ರದ ಕಟ್ಟು ಹಾಕಿ ಹೋಗುತ್ತಾನೆ.

ಹಾಡಿಕೆಯ ರೀತಿಯೂ ಇಲ್ಲಿ ಗಮನಿಸುವಂಥದು. ಮುಖ್ಯ ಹಾಡುಗಾರ ಹೇಳಿದ ಮಾತಿಗೆ ಹಿಮ್ಮೇಳದವರು ಸೊಲ್ಲು ಸೇರಿಸುತ್ತಾರೆ. ಬೇಡಿಕೆಯೂ ನಿರಾಕರಣೆಯೂ ಮತ್ತೆ ಮತ್ತೆ ಬರುತ್ತವೆ. ಅಚ್ಚಿನಲ್ಲಿ ಓದುವಾಗ ಬೇಸರ ತರುವ ಈ ಪುನರುಕ್ತಿ ಅಂಗಳದಲ್ಲಿ ಕೂತು ಕೇಳುವಾಗ ಬೇರೆಯೇ ಕೆಲಸ ಮಾಡುತ್ತದೆ. ಒಬ್ಬ ಹೆಂಗಸಿನ 'ಇಲ್ಲ' ಎಂಬ ಮಾತನ್ನು ಮೂರು ನಾಲ್ಕು ಗಂಡಸರು, ಕೊರಳಲ್ಲಿ ರುದ್ರಾಕ್ಷಿ ಹಾಕಿಕೊಂಡವರು, ಗಂಟಲೆತ್ತಿ ಊರಿನ ಮುಂದೆ ಪದೇಪದೇ ಹಾಡುತ್ತಾರೆ. ಅದೇ ಊರಿನಲ್ಲಿ, ಹಗಲಿನಲ್ಲಿ, ಆ ಮಾತನ್ನು ಒಬ್ಬ ಹೆಂಗಸು ಒಂದು ಸಲ ಗಟ್ಟಿಯಾಗಿ ಹೇಳುವುದೂ ಕಷ್ಟ.

ಕಟ್ಟಿನೊಳಗಿಂದ ಸಂಕಮ್ಮ ಮಾದಪ್ಪನನ್ನು ಕೂಗುತ್ತಾಳೆ. ಅವನು ಬರುತ್ತಾನೆ, ಕಟ್ಟು ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಗಂಡುಮಕ್ಕಳು ಹುಟ್ಟುವುದು ಹೀಗೆ. ಆದರೆ ಪುಕ್ಕಟೆ ಅಲ್ಲ. ಆ ಮಕ್ಕಳು ತನ್ನ ಒಕ್ಕಲಾಗಬೇಕು ಎಂಬುದು ದೇವರ ಕರಾರು. ನನ್ನ ಹಳೆಯ ಪ್ರಬಂಧದಲ್ಲಿ ನಾನು ಗಂಡನ ಕ್ರೌರ್ಯ ಒಂದು ಕಡೆ, ದೇವರ ಕರುಣೆ ಇನ್ನೊಂದು ಕಡೆ ಎಂದು ನೆಟ್ಟಗೆ ಗೆರೆ ಎಳೆದಿದ್ದೆ. ಗೆರೆ ಅಷ್ಟು ನೆಟ್ಟಗಿಲ್ಲ. ಇಬ್ಬರೂ ಅವಳ ಮುಂದೆ ಒಂದು ಕರಾರು ಇಡುತ್ತಾರೆ. ಗಂಡನಿಗೆ ಒಪ್ಪದವಳು ದೇವರಿಗೆ ಒಪ್ಪುತ್ತಾಳೆ. ಯಾಕೆ?

ಭಕ್ತಿ ದೊಡ್ಡದು, ದಾಂಪತ್ಯ ಸಣ್ಣದು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಸಮಾಧಾನ ಕೊಡುವುದಿಲ್ಲ. ವ್ಯತ್ಯಾಸ ಇರುವುದು ಕೇಳುವ ಕ್ರಮದಲ್ಲಿ ಅನ್ನಿಸುತ್ತದೆ. ನೀಲೇಗೌಡ ಏನನ್ನೂ ಕೊಡುವ ಮೊದಲೇ ಕೇಳುತ್ತಾನೆ, ಅದೂ ಅವಳು ಈಗಾಗಲೇ ಕೊಟ್ಟಿರುವುದನ್ನು. ಮಾದಪ್ಪ ಅವಳು ಕರೆದ ಮೇಲೆ ಬರುತ್ತಾನೆ, ಅವಳಲ್ಲಿ ಇಲ್ಲದ್ದನ್ನು ಕೊಡುತ್ತಾನೆ, ಆಮೇಲೆ ಅದರಲ್ಲಿ ಪಾಲು ಕೇಳುತ್ತಾನೆ. ಬೇಸಾಯದವರಿಗೆ ಇದು ಅರ್ಥವಾಗುವ ವ್ಯವಹಾರ. 'ಒಕ್ಕಲು' ಎಂಬ ಪದ ಹೊಲದ ಲೆಕ್ಕದಲ್ಲೂ ಬರುತ್ತದೆ.

ಹಾಗೆಂದು ಮಾದಪ್ಪ ಯಾವಾಗಲೂ ಕರೆದಾಗಲೇ ಬರುವವನಲ್ಲ. ಬೇವಿನಹಟ್ಟಿ ಕಾಳಮ್ಮನ ಬಾಗಿಲಿಗೆ ಕರೆಯದೇ ಹೋಗುತ್ತಾನೆ, ಭಿಕ್ಷೆ ಕೇಳುತ್ತಾನೆ. ಆಕೆ ಸಿರಿವಂತೆ, ಜಂಬದವಳು, ಇಲ್ಲ ಅನ್ನುತ್ತಾಳೆ. ಅವಳ ಸಿರಿ ಹಾಳಾಗುತ್ತದೆ. ಕೇಳುವವರಿಗೆ ಇಲ್ಲಿ ಕಾಳಮ್ಮನ ಮೇಲೆ ಕನಿಕರ ಹುಟ್ಟದ ಹಾಗೆ ಕತೆ ನೋಡಿಕೊಳ್ಳುತ್ತದೆ. ಆದರೆ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಪ್ರಶ್ನೆ ಏಳುತ್ತದೆ. ಗಂಡನಿಗೆ ಇಲ್ಲ ಅಂದವಳನ್ನು ಕಾವ್ಯ ಕಾಪಾಡುತ್ತದೆ, ದೇವರಿಗೆ ಇಲ್ಲ ಅಂದವಳನ್ನು ದಂಡಿಸುತ್ತದೆ. ಕಟ್ಟು ಬಿಡಿಸಿದ ಮೇಲೆ, ಮಕ್ಕಳನ್ನು ಒಕ್ಕಲು ಬಿಡಲಾರೆ ಎಂದು ಸಂಕಮ್ಮ ಅಂದಿದ್ದರೆ? ಕಾವ್ಯ ಅವಳನ್ನು ಆ ಜಾಗಕ್ಕೆ ತಂದು ನಿಲ್ಲಿಸುವುದೇ ಇಲ್ಲ. ಅವಳ 'ಇಲ್ಲ' ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಲ್ಲೊಂದು ಬೇಲಿ ಇದೆ.

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಈ ಬೇಲಿ ಇನ್ನೂ ಎತ್ತರ. ನಿಡುಘಟ್ಟದ ಆಚಾರಿ ಮನೆಯ ಮಗ ಕೆಂಪಾಚಾರಿಯೇ ಬೇಕು ಎಂದು ಗುರು ಹಟ ಹಿಡಿಯುತ್ತಾನೆ. ತಾಯಿ ಮುದ್ದಮ್ಮನಿಗೆ ಮಗನನ್ನು ಕೊಡಲು ಮನಸ್ಸಿಲ್ಲ. ಕೊನೆಗೆ ಆ ಮಗ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿ ಪವಾಡ ಮೆರೆದು, ಚಿಕ್ಕಲ್ಲೂರಿನಲ್ಲಿ ನೆಲೆಯಾಗುತ್ತಾನೆ. ತಾಯಿಯ ಪ್ರೀತಿ ಅಲ್ಲಿ ದಾಟಬೇಕಾದ ಅಡ್ಡಿ ಮಾತ್ರ. ನನಗೆ ಆ ಕಾವ್ಯದ ಮೇಲೆ ಬಹಳ ಗೌರವವಿದೆ, ಮುದ್ದಮ್ಮನ ಭಾಗ ಬಂದಾಗ ಮಾತ್ರ ಪುಟ ಬೇಗ ತಿರುವುತ್ತೇನೆ.

ಇನ್ನು ಬಿಳಿಗಿರಿಯ ಕಡೆ ಬರೋಣ. ಅದೇ ಜಿಲ್ಲೆ, ಅದೇ ಸೋಲಿಗರು, ಆದರೆ ಬೇರೊಂದು ಬೆಟ್ಟ, ಬೇರೊಂದು ದೇವರು. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಎಂಬುದು ಕತೆ. ಹಾಗಾಗಿ ಸೋಲಿಗರಿಗೆ ಅವನು ಭಾವ. ಮಾದೇಶ್ವರನ ಬೆಟ್ಟದಲ್ಲಿ ದೇವರು 'ಅಪ್ಪ', ಬಿಳಿಗಿರಿಯಲ್ಲಿ 'ಭಾವ'. ಈ ಎರಡು ಪದಗಳ ನಡುವೆ ಎಷ್ಟು ದೂರ ಇದೆ ಎಂಬುದು ನಮ್ಮ ಕಡೆ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಅಪ್ಪನ ಮುಂದೆ ತಲೆ ತಗ್ಗಿಸಬೇಕು, ಕೇಳಿದ್ದನ್ನು ಕೊಡಬೇಕು. ಭಾವನನ್ನು ರೇಗಿಸಬಹುದು, ಬಂದರೆ ಊಟಕ್ಕೆ ಹಾಕಬೇಕು, ನಮ್ಮ ಹೆಣ್ಣನ್ನು ಚೆನ್ನಾಗಿ ನೋಡಿಕೊಳ್ಳದಿದ್ದರೆ ಕೇಳುವ ಹಕ್ಕೂ ಉಂಟು. ಅಪ್ಪ ಒಕ್ಕಲನ್ನು ಪಡೆದರೆ ಭಾವ ಸಂಬಂಧವನ್ನು ಬೆಳೆಸುತ್ತಾನೆ.

ರಂಗ ಕುಸುಮಾಲೆಯನ್ನು ಯಾರಿಗೂ ಹೇಳದೆ ಕರೆದುಕೊಂಡು ಹೋದ ಎಂದೂ ಹೇಳುತ್ತಾರೆ. ಪೇಟೆಯವರಿಗೆ ಇದು ಅಪಹರಣ ಎನಿಸಬಹುದು. ಆದರೆ ಸೋಲಿಗರಲ್ಲಿ ಮನಸ್ಸು ಕೂಡಿದ ಹುಡುಗ ಹುಡುಗಿ ಕಾಡಿಗೆ ಓಡಿಹೋಗುವುದು, ಮರಳಿ ಬಂದ ಮೇಲೆ ಕುಲದ ಹಿರಿಯರು ತಪ್ಪುದಂಡ ಹಾಕಿ ಒಪ್ಪಿಕೊಳ್ಳುವುದು ಹಳೆಯ ವಾಡಿಕೆ. ಅಂದರೆ ದೇವರೇ ಸೋಲಿಗರ ಪದ್ಧತಿಗೆ ಬಂದು ಮದುವೆಯಾಗಿದ್ದಾನೆ. ಇಲ್ಲಿ ಬಲಗೈ ಭಾಷೆಯ ಮಾತಿಲ್ಲ, ಸತ್ಯ ಪರೀಕ್ಷೆ ಇಲ್ಲ. ಭಕ್ತಿ ಕೂಡ ಇಲ್ಲಿ ಕೈಕೆಲಸದ ರೂಪದಲ್ಲಿ ಇದೆ. ಮಾದಿಗ ಸಮುದಾಯದವರು ಎರಡು ವರ್ಷಕ್ಕೊಮ್ಮೆ ರಂಗನಿಗೆ ಭಾರೀ ಗಾತ್ರದ ಚರ್ಮದ ಪಾದುಕೆ ಮಾಡಿ ಒಪ್ಪಿಸುತ್ತಾರೆ. ರಂಗ ಕಾಡು ಸುತ್ತಿ ಸುತ್ತಿ ಹಳೆಯ ಜೋಡು ಸವೆಯುತ್ತದಂತೆ.

ಇಷ್ಟು ಬರೆದಾಗ ನನ್ನ ಅಧ್ಯಾಯ ಮುಗಿದಂತಿತ್ತು: ಮಾದಪ್ಪನ ಬೆಟ್ಟದ್ದು ಬಿಗಿಯುವ ಭಕ್ತಿ, ರಂಗನ ಬೆಟ್ಟದ್ದು ಸಲಿಗೆಯ ಪ್ರೀತಿ, ಎರಡನೆಯದು ಮೇಲು. ಓದಲು ಚೆಂದವಾಗಿಯೂ ಇತ್ತು. ಆಮೇಲೆ ಒಂದು ದಿನ ನನ್ನ ಟಿಪ್ಪಣಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಸುಮಾಲೆ ತನ್ನ ಬಾಯಿಂದ ಏನೇನು ಹೇಳಿದ್ದಾಳೆ ಎಂದು ಹುಡುಕಿದೆ. ನಾನು ಕೇಳಿ ಬರೆದುಕೊಂಡ ರೂಪಗಳಲ್ಲಿ ಬಹಳ ಕಡಿಮೆ. ರಂಗ ನೋಡುತ್ತಾನೆ, ರಂಗ ಮೆಚ್ಚುತ್ತಾನೆ, ರಂಗ ಕರೆದೊಯ್ಯುತ್ತಾನೆ. ಸೋಲಿಗರು ಹುಡುಕುತ್ತಾರೆ, ಮುನಿಯುತ್ತಾರೆ, ಒಪ್ಪುತ್ತಾರೆ. ಈ ಇಬ್ಬರ ನಡುವೆ ಭಾವ-ಭಾಮೈದರ ನಂಟು ಸೊಗಸಾಗಿ ಕುದುರುತ್ತದೆ. ಕುಸುಮಾಲೆ ಆ ನಂಟಿಗೆ ಕಾರಣ, ಅಷ್ಟೇ. ಅವಳಿಗೆ ರಂಗ ಇಷ್ಟವಿದ್ದನೇ ಎಂದು ಕೇಳಿದರೆ ಹಾಡು ನನಗೆ ಉತ್ತರ ಕೊಡುವುದಿಲ್ಲ. ಇಷ್ಟವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಯಾರಿಗೂ ಕೇಳಬೇಕೆನಿಸಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಸಂಕಮ್ಮನ ಟಿಪ್ಪಣಿಗಳಾದರೆ ಪುಟಗಟ್ಟಲೆ. ಅವಳು ವಾದಿಸುತ್ತಾಳೆ, ಅಳುತ್ತಾಳೆ, ಬೇಡುತ್ತಾಳೆ, ಕೂಗುತ್ತಾಳೆ. ಪ್ರೀತಿ ಮೃದುವಾಗಿರುವ ಕತೆಯಲ್ಲಿ ಹೆಣ್ಣಿಗೆ ಮಾತಿಲ್ಲ. ಪ್ರೀತಿ ಹಿಂಸೆಯಾಗಿರುವ ಕತೆಯಲ್ಲಿ ಅವಳಿಗೆ ಇಡೀ ರಾತ್ರಿ ಮಾತಿದೆ. ಇದರಿಂದ ಹಿಂಸೆಗೆ ಒಳ್ಳೆಯ ಹೆಸರು ಬಂದುಬಿಡಬಾರದು. ಆದರೂ ಎರಡು ಬೆಟ್ಟಗಳನ್ನು ತೂಗಲು ಹೋದ ನನ್ನ ತಕ್ಕಡಿ ಅಲ್ಲಿಗೆ ಕೆಟ್ಟಿತು. ಆ ಅಧ್ಯಾಯವನ್ನು ಮತ್ತೆ ಮೊದಲಿಂದ ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಎರಡು ಸಲ ನೆನಪಿಸಿದ್ದಾರೆ.

ಕತೆಯ ಕೊನೆಯ ಬಗ್ಗೆ ಒಂದು ಮಾತು ಉಳಿದಿದೆ. ಮರಳಿ ಬಂದ ನೀಲೇಗೌಡ ಬಸುರಿ ಹೆಂಡತಿಯನ್ನು ನೋಡಿ ಮತ್ತೆ ಅನುಮಾನಿಸುತ್ತಾನೆ, ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾನೆ. ಮಾದಪ್ಪನ ಬಲದಿಂದ ಅವಳು ಗೆಲ್ಲುತ್ತಾಳೆ, ಅವನು ಸೋತು ಶರಣಾಗುತ್ತಾನೆ. ಬಾಯಿಮಾತಿನ ಭಾಷೆ ಕೊಡದವಳು ಮೈಯಿಂದ ಸಾಕ್ಷಿ ಕೊಡಬೇಕಾಗಿ ಬಂತಲ್ಲ ಎಂಬುದು ನನ್ನ ಸಂಕಟ. ಮೊದಲ ದಿನ ನಿರಾಕರಿಸಿದ್ದನ್ನು ಕಾವ್ಯ ಹೆಚ್ಚಿನ ಬೆಲೆಗೆ ಅವಳಿಂದ ವಸೂಲಿ ಮಾಡಿತೇ? ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ, "ಸಂಕಮ್ಮ ಆಮೇಲೆ ಗಂಡನ್ನ ಕ್ಷಮಿಸಿದಳಾ?"

ಅಜ್ಜಿ ಸಣ್ಣೀರುಳ್ಳಿ ಬಿಡಿಸುತ್ತಿದ್ದಳು. "ಅದ ಅವರು ಹಾಡಕ್ಕಿಲ್ಲ ಕಣವ್ವ," ಅಂದಳು. "ಅಷ್ಟೊತ್ಗೆ ಬೆಳಗಾಗಿರ್ತದೆ."