ವಿಶೇಷಣದ ಚಿಹ್ನೆ: ಒಂದು ಪರಾಮರ್ಶೆ

ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ (1898) ಅಚ್ಚಾಗಿವೆ. ಇಂತಹ ಶಾಸನಗಳನ್ನು ಓದುವವರಿಗೆ ಪ್ರಶಸ್ತಿಯ ಕ್ರಮವು ಪರಿಚಿತವಾದುದೇ. ಹೊಯ್ಸಳ ಅರಸನ ಹೆಸರಿಗೆ ಮೊದಲು ಮಹಾಮಂಡಲೇಶ್ವರ, ದ್ವಾರಾವತೀಪುರವರಾಧೀಶ್ವರ ಮೊದಲಾದ ಬಿರುದುಗಳು ಸಾಲುಗಟ್ಟಿ ಬರುತ್ತವೆ. ನಡುವೆ ಕಂಸವಿಲ್ಲ, ಅಲ್ಪವಿರಾಮವಿಲ್ಲ; ಆದರೂ ಬಿರುದು ಯಾರದೆಂಬ ಸಂದೇಹ ಸಾಮಾನ್ಯವಾಗಿ ಹುಟ್ಟದು. ವಿಭಕ್ತಿ ಪ್ರತ್ಯಯವೇ ವಿಶೇಷಣವನ್ನು ವಿಶೇಷ್ಯಕ್ಕೆ ಬಿಗಿಯುತ್ತದೆ.

ಗಣಕಯಂತ್ರದ ಭಾಷೆಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಒಂದು ಫಂಕ್ಷನ್ನಿಗಾಗಲಿ ಕ್ಲಾಸಿಗಾಗಲಿ ವಿಶೇಷಣವನ್ನು ಸೇರಿಸಬೇಕಾದರೆ ಚಿಹ್ನೆಯೊಂದನ್ನು ಗೊತ್ತುಪಡಿಸಬೇಕು. ಪಿ.ಎಚ್.ಪಿ. ಭಾಷೆಯನ್ನು ರೂಪಿಸುವವರು 2020ರಲ್ಲಿ ಇದನ್ನು ಕುರಿತು ಮತ್ತೆ ಮತ್ತೆ ಮತ ಹಾಕಿದರು. ಮೊದಲು ಜೋಡಿ ಕೋನಕಂಸಗಳು ಅಂಗೀಕೃತವಾದವು. ಬಳಿಕ @@ ಎಂಬುದು. ಕೊನೆಗೆ ಸೆಪ್ಟೆಂಬರ್‌ನಲ್ಲಿ #[ ] ಎಂಬುದು. ನವೆಂಬರ್ 26ರಂದು ಹೊರಬಂದ 8.0ನೆಯ ಆವೃತ್ತಿಯಲ್ಲಿ ಕೊನೆಯದೇ ನೆಲೆಗೊಂಡಿತು.

ಈ ನಿರ್ಣಯವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಜೋಡಿ ಕೋನಕಂಸಗಳಿಗೆ ಆ ಭಾಷೆಯಲ್ಲಿ ದ್ವಿಮಾನ ಅಂಕಿಗಳನ್ನು ಎಡಬಲಕ್ಕೆ ಸರಿಸುವ ಬೇರೆ ಕೆಲಸವಿದ್ದಿತು. @@ ಚಿಕ್ಕದೇನೋ ಹೌದು. ಆದರೆ ಅದಕ್ಕೆ ಆರಂಭವುಂಟು, ಮುಕ್ತಾಯದ ಗುರುತಿಲ್ಲ. ವಿಭಕ್ತಿಯಿಲ್ಲದ ಭಾಷೆಯಲ್ಲಿ ವಿಶೇಷಣವು ಎಲ್ಲಿ ಮುಗಿಯಿತೆಂಬುದನ್ನು ಚಿಹ್ನೆಯೇ ಹೇಳಬೇಕು. #[ ] ಅದನ್ನು ಹೇಳುತ್ತದೆ; ರಸ್ಟ್ ಭಾಷೆಯಲ್ಲಿ ಮೊದಲೇ ಬಳಕೆಯಲ್ಲಿತ್ತು ಕೂಡ.

ಆದರೆ ಇದರ ಪರವಾದ ಮತ್ತೊಂದು ವಾದವನ್ನು ಪೂರ್ಣವಾಗಿ ಒಪ್ಪಲಾರೆವು. ಆ ಭಾಷೆಯಲ್ಲಿ # ಎಂಬುದು ಸಾಲಿನ ಕೊನೆಯವರೆಗಿನ ಬರಹವನ್ನು ಟಿಪ್ಪಣಿಯನ್ನಾಗಿಸುತ್ತಿದ್ದುದರಿಂದ, ಹಳೆಯ ಆವೃತ್ತಿಗಳು ಹೊಸ ವಿಶೇಷಣವನ್ನು ತೊಡಕಿಲ್ಲದೆ ದಾಟಿಹೋಗುತ್ತವೆಂಬುದು ಆ ವಾದ. ವಿಶೇಷಣವು ಒಂದೇ ಸಾಲಿನಲ್ಲಿ ಪ್ರತ್ಯೇಕವಾಗಿ ನಿಂತಾಗ ಮಾತ್ರ ಇದು ಸತ್ಯ. ಹಲವು ಸಾಲುಗಳಿಗೆ ಹರಡಿದರೆ ಹಳೆಯ ಆವೃತ್ತಿ ದೋಷವನ್ನು ಸಾರಿ ನಿಲ್ಲುತ್ತದೆ, ಅದು ಅಪಾಯವಲ್ಲ. ಅದೇ ಸಾಲಿನಲ್ಲಿ ಪೂರ್ಣ ಘೋಷಣೆಯೊಂದು ಇದ್ದರೋ, ವಿಶೇಷಣದೊಡನೆ ವಿಶೇಷ್ಯವೂ ಸದ್ದಿಲ್ಲದೆ ಅಳಿದುಹೋಗುತ್ತದೆ. ಶಾಸನದ ಕಲ್ಲು ಸವೆದರೆ ಸವೆದ ಸ್ಥಳವಾದರೂ ಕಣ್ಣಿಗೆ ಕಾಣುತ್ತದೆ. ಸಂಪಾದಕನು ಅಲ್ಲಿ ಚುಕ್ಕಿಗಳನ್ನಿಟ್ಟು ಓದುಗನನ್ನು ಎಚ್ಚರಿಸುತ್ತಾನೆ. ಇಲ್ಲಿ ಅಂತಹ ಕುರುಹೂ ಉಳಿಯದು.

ಆದುದರಿಂದ ಹಳೆಯ ಆವೃತ್ತಿಗಳಲ್ಲಿಯೂ ನಡೆಯಬೇಕಾದ ಬರಹದಲ್ಲಿ ವಿಶೇಷಣಕ್ಕೆ ಬೇರೆ ಸಾಲನ್ನೇ ಮೀಸಲಿಡಬೇಕು. ವಿದ್ಯಾರ್ಥಿಗಳಿಗೆ ಚಿಹ್ನೆಯನ್ನು ಕಲಿಸುವಾಗಲೇ ಈ ಪದ್ಧತಿಯನ್ನೂ, ಅದರ ಕಾರಣವನ್ನೂ ಕಲಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.