ಒಂದು ಬದನೆ ಹೋಳಿನ ಋಣ

ಪರದೇಶದಲ್ಲಿ ನೆಲೆಸಿದ ನಮ್ಮ ಮಕ್ಕಳು ಮನೆಗೆ ಬರೆದು ಕಳಿಸುವ ಸುದ್ದಿಯಲ್ಲಿ ಒಂದು ಸಂಪ್ರದಾಯವೇ ಬೆಳೆದುಬಿಟ್ಟಿದೆ. ಮೊದಲ ವರ್ಷ ರಸ್ತೆಗಳ ಅಗಲ, ಅಂಗಡಿಗಳ ಬೆಡಗು, ರೈಲಿನ ವೇಗ. ಎರಡನೆಯ ವರ್ಷ ಊರಿನ ನೆನಪು, ಹುಳಿ ಅನ್ನದ ಹಂಬಲ. ಮೂರನೆಯ ವರ್ಷಕ್ಕೆ ಮನಸ್ಸು ಒಂದು ಹದಕ್ಕೆ ಬಂದು, ಕಿಟಕಿಯಾಚೆ ಬಿದ್ದ ಹಿಮ, ಪಕ್ಕದ ಮನೆಯ ಮುದುಕಿ ಕೊಟ್ಟ ಸೇಬಿನ ಹಣ್ಣು, ಭಾನುವಾರದ ಕಾಫಿ, ಇಂಥ ಚಿಕ್ಕಪುಟ್ಟ ಸುಖಗಳ ಪಟ್ಟಿ ಆರಂಭವಾಗುತ್ತದೆ. ಪಟ್ಟಿಯ ಕೊನೆಗೆ 'ನಾನು ಧನ್ಯ' ಎಂಬ ಮಾತು. ಈ ಬಗೆಯ ಬರಹ ಓದುವುದಕ್ಕೆ ಹಿತವಾಗಿಯೇ ಇರುತ್ತದೆ. ಆದರೆ ಮುಗಿಸಿ ಕೆಳಗಿಟ್ಟ ಮೇಲೆ ಒಂದು ಅನುಮಾನ ಉಳಿಯುತ್ತದೆ. ಕೃತಜ್ಞತೆ ಎಂದರೆ ಮಾಡಿದ್ದನ್ನು ಅರಿಯುವುದು. ಮಾಡಿದವರು ಯಾರು ಎಂಬುದೇ ಕಾಣದ ಕಡೆ ಅದು ಕೃತಜ್ಞತೆ ಹೇಗಾದೀತು? ಬರಿಯ ಸಂತೋಷವಾದೀತು, ಅಷ್ಟೆ.

ಈ ಅನುಮಾನಕ್ಕೆ ಒರೆಗಲ್ಲಾಗಿ ಲಫ್ಕಾಡಿಯೊ ಹರ್ನನ ಬರಹವನ್ನು ಇಟ್ಟುಕೊಳ್ಳಬಹುದು. ಪರದೇಶವಾಸದ ಸಣ್ಣ ಸುಖಗಳನ್ನು ಈತನಷ್ಟು ಶ್ರದ್ಧೆಯಿಂದ ಬರೆದಿಟ್ಟವರು ವಿರಳ. ಆ ಸುಖಗಳನ್ನು ಒದಗಿಸಿದವರು ಯಾರೆಂಬ ಪ್ರಶ್ನೆಯೂ, ತಡವಾಗಿಯಾದರೂ, ಆತನ ಬರಹದೊಳಗೇ ಎದ್ದು ನಿಲ್ಲುತ್ತದೆ. ನಮ್ಮಲ್ಲಿ ಹರ್ನನ ಹೆಸರು ಬಲ್ಲವರು ಬಹುಮಟ್ಟಿಗೆ ಆತನ ದೆವ್ವದ ಕಥೆಗಳಿಂದ, ಇಲ್ಲವೆ ಅವುಗಳನ್ನು ಆಧರಿಸಿ ಕೋಬಯಾಶಿ 1964ರಲ್ಲಿ ತೆಗೆದ 'ಕ್ವೈದಾನ್' ಚಿತ್ರದಿಂದ ಬಲ್ಲರು. ಇಲ್ಲಿ ನನಗೆ ಬೇಕಾದದ್ದು ಆತನ ಪ್ರಬಂಧಗಳು.

ಹರ್ನನಿಗೆ ಸ್ವದೇಶವೆಂಬುದೇ ಇರಲಿಲ್ಲವೆಂದರೂ ಸಲ್ಲುತ್ತದೆ. 1850ರಲ್ಲಿ ಅಯೋನಿಯನ್ ದ್ವೀಪಗಳಲ್ಲಿ ಒಂದಾದ ಲೆಫ್ಕಾಡದಲ್ಲಿ ಹುಟ್ಟಿದ. ತಾಯಿ ಗ್ರೀಕಳು, ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ವೈದ್ಯ. ಇಬ್ಬರಿಂದಲೂ ದೂರವಾದ ಹುಡುಗನನ್ನು ಡಬ್ಲಿನ್ನಿನಲ್ಲಿ ತಂದೆಯ ಕಡೆಯ ಒಬ್ಬ ಅಜ್ಜಿ ಸಾಕಿದಳು. ಶಾಲೆಯಲ್ಲಿದ್ದಾಗ ಪೆಟ್ಟು ಬಿದ್ದು ಎಡಗಣ್ಣು ಹೋಯಿತು. ಉಳಿದ ಕಣ್ಣೂ ದೂರದ್ದನ್ನು ಕಾಣದು. 1869ರಲ್ಲಿ ಅಮೆರಿಕಕ್ಕೆ ಹೋಗಿ ಸಿನ್ಸಿನಾಟಿ, ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಪತ್ರಿಕೆಗಳಿಗೆ ದುಡಿದ. ಮಾರ್ಟಿನೀಕ್ ದ್ವೀಪದಲ್ಲಿ ಎರಡು ವರ್ಷ ಕಳೆದ. 1890ರ ಏಪ್ರಿಲಿನಲ್ಲಿ, ನಾಲ್ವತ್ತು ತುಂಬುವುದರೊಳಗೆ, ಜಪಾನಿಗೆ ಬಂದಿಳಿದ. ಆ ವರ್ಷವೇ ಮಾತ್ಸುಯೆ ಎಂಬ ಹಳೆಯ ಊರಿನಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸ ಸಿಕ್ಕಿತು. ಮತ್ತೆ ಜಪಾನನ್ನು ಬಿಟ್ಟು ಹೊರಡಲೇ ಇಲ್ಲ.

ಮಾತ್ಸುಯೆಯಲ್ಲಿ ಆತ ಇದ್ದದ್ದು ಹದಿನೈದು ತಿಂಗಳು ಮಾತ್ರ. ಅದರ ಫಲವೇ 1894ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಮೊದಲ ಜಪಾನೀ ಪುಸ್ತಕ. ಅದರಲ್ಲಿ ಮಾತ್ಸುಯೆಯ ಬೆಳಗನ್ನು ವರ್ಣಿಸುವ ಭಾಗ ಜಗತ್ಪ್ರಸಿದ್ಧ. ಸಾಮಾನ್ಯ ಪ್ರವಾಸಿ ಊರನ್ನು ಕಣ್ಣಿನಿಂದ ನೋಡಿ ಬರೆದರೆ, ಒಕ್ಕಣ್ಣಿನ ಹರ್ನ್ ಹಾಸಿಗೆಯಲ್ಲಿ ಮಲಗಿಯೇ ಕಿವಿಯಿಂದ ಊರನ್ನು ಕಾಣುತ್ತಾನೆ. ಮೊದಲು ಅಕ್ಕಿ ಕುಟ್ಟುವ ಭಾರಿ ಒನಕೆಯ ಸದ್ದು, ನೆಲದೊಳಗಿನ ನಾಡಿಯ ಬಡಿತದಂತೆ; ಆಮೇಲೆ ಜೆನ್ ದೇವಾಲಯದ ಗಂಟೆ; ಮೂಲಂಗಿ ಮಾರುವವರ, ಒಲೆ ಹೊತ್ತಿಸುವ ಪುರಲೆ ಮಾರುವವರ ಕೂಗು; ನದಿಯ ದಡದಲ್ಲಿ ಸೂರ್ಯನಿಗೆ ಕೈ ತಟ್ಟಿ ನಮಸ್ಕರಿಸುವವರ ಚಪ್ಪಾಳೆ; ಕೊನೆಗೆ ಸೇತುವೆಯ ಮೇಲೆ ನೂರಾರು ಮರದ ಪಾದುಕೆಗಳ ನಾದ. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಸದ್ದಿಗೆ ಎಚ್ಚರಗೊಂಡು ಬೆಳೆದ ಯಾರಿಗೇ ಆಗಲಿ ಈ ಪುಟಗಳು ಒಳಗಿನಿಂದ ಅರ್ಥವಾಗುತ್ತವೆ.

ಇಷ್ಟನ್ನು ಮೆಚ್ಚಿದ ಮೇಲೂ ಒಂದು ದೋಷವನ್ನು ಹೇಳದೆ ವಿಧಿಯಿಲ್ಲ. ಆ ಬೆಳಗಿನಲ್ಲಿ ಸದ್ದುಗಳಿವೆ, ಮನುಷ್ಯರಿಲ್ಲ. ಒನಕೆ ಕೇಳುತ್ತದೆ, ಅದನ್ನು ಎತ್ತಿ ಹಾಕುವ ತೋಳು ಕಾಣುವುದಿಲ್ಲ. ಪುರಲೆಯ ಹೊರೆ ಯಾವ ಬೆಟ್ಟದಿಂದ ಯಾರ ತಲೆಯ ಮೇಲೆ ಬಂತು ಎಂಬುದು ಬೇಕಾಗಿಲ್ಲ. ಮೊದಲ ಪುಸ್ತಕದ ಹರ್ನ್ ಅತಿಥಿ. ಅತಿಥಿಗೆ ಎಲ್ಲವೂ ತನಗಾಗಿಯೇ ನಡೆಯುವ ಉಪಚಾರದಂತೆ ತೋರುತ್ತದೆ. ಅತಿಥಿ 'ಎಷ್ಟು ಚೆನ್ನಾಗಿದೆ' ಎಂದರೆ ಅದು ಸೌಜನ್ಯ. ಮನೆಯವನಾದ ಮೇಲೆ ಹೇಳುವ ಮಾತಿಗೆ ಬೇರೆಯ ತೂಕವಿರಬೇಕು.

ಹರ್ನ್ ಮನೆಯವನಾದ. ಕೆಳಗೆ ಬಿದ್ದ ಸಾಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಆತನ ಕೈಹಿಡಿದಳು. ಆಕೆಯ ಕಡೆಯ ಹಿರಿಯರೂ ಆತನ ಸಂಬಳದ ಆಸರೆಗೆ ಬಂದರು. 1893ರಲ್ಲಿ ಮೊದಲ ಮಗ ಹುಟ್ಟಿದ. ತನ್ನ ಕಾಲಾನಂತರ ಹೆಂಡತಿ ಮಕ್ಕಳಿಗೆ ಆಸ್ತಿಯ ತೊಡಕಾಗಬಾರದೆಂದು 1896ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರು ತಳೆದ. ಮೊದಲ ಮೋಹವಂತೂ ಅಷ್ಟರಲ್ಲಿ ಹರಿದಿತ್ತು. ಕುಮಾಮೊಟೊ ಊರಿನಿಂದ ವಿದ್ವಾಂಸ ಚೇಂಬರ್ಲೇನನಿಗೆ ಬರೆದ ಕಾಗದಗಳಲ್ಲಿ ಒಮ್ಮೆ ಜಪಾನನ್ನು ಹೊಗಳುತ್ತಾನೆ, ಇನ್ನೊಮ್ಮೆ ಬೇಸತ್ತು ಬೈಯುತ್ತಾನೆ. ಸಂಸಾರವೆಂದರೆ ಹೀಗೆಯೇ.

ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. 1903ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಹರ್ನನ ಕೆಲಸ ಹೋದಾಗ ಆ ಪಾಠಗಳನ್ನು ವಹಿಸಿಕೊಂಡವರಲ್ಲಿ ಒಬ್ಬ ನತ್ಸುಮೆ ಸೋಸೆಕಿ. ಆತ ಆಗತಾನೆ ಲಂಡನ್ನಿನಿಂದ ಮರಳಿದ್ದ. 1900ರಿಂದ 1902ರವರೆಗಿನ ಆ ಲಂಡನ್ ವಾಸ ತನ್ನ ಬಾಳಿನಲ್ಲೇ ಅತ್ಯಂತ ಅಹಿತಕರವಾದ ಕಾಲವೆಂದು ಆತನೇ ಮುಂದೆ ಬರೆದಿಟ್ಟಿದ್ದಾನೆ. ಸರ್ಕಾರ ಕೊಟ್ಟ ವಿದ್ಯಾರ್ಥಿವೇತನ ವರ್ಷಕ್ಕೆ 1800 ಯೆನ್, ಅಂದರೆ ತಿಂಗಳಿಗೆ 150. ಮಾತ್ಸುಯೆಯಲ್ಲಿ ಹರ್ನನ ಸಂಬಳ ತಿಂಗಳಿಗೆ 100. ಲೆಕ್ಕದಲ್ಲಿ ಸೋಸೆಕಿಯೇ ಧನಿಕ! ಆದರೆ ಮಾತ್ಸುಯೆಯ ನೂರು ಯೆನ್ನಿಗೆ ದೊರೆತನ ಸಿಕ್ಕುತ್ತಿತ್ತು; ಲಂಡನ್ನಿನ ನೂರೈವತ್ತಕ್ಕೆ ಬಾಡಿಗೆಯ ಒಂದು ಕೋಣೆ ಮತ್ತು ಊಟ ಬಿಟ್ಟು ಕೊಂಡ ಪುಸ್ತಕಗಳು. ಐದು ವಸತಿಗಳನ್ನು ಬದಲಿಸಿದವನಿಗೆ ಬೆಳಗಿನ ಸದ್ದುಗಳನ್ನು ಕೇಳಿ ಆನಂದಿಸುವ ವ್ಯವಧಾನ ಎಲ್ಲಿಂದ ಬರಬೇಕು? ಪರದೇಶದಲ್ಲಿ ಸಣ್ಣ ಸುಖ ಕಾಣದವನು ಕೃತಘ್ನನೆಂದು ಹಳಿಯುವ ಮುನ್ನ ಆತನ ಬಾಡಿಗೆಯ ಚೀಟಿಯನ್ನೂ ನೋಡುವುದು ಒಳ್ಳೆಯದು.

ಇನ್ನು ಹರ್ನನ ಹುಳುಗಳ ವಿಷಯ. ಹಾಡುವ ಹುಳುಗಳನ್ನು ಪಂಜರದಲ್ಲಿ ಸಾಕುವುದು ಜಪಾನಿನ ಹಳೆಯ ಪದ್ಧತಿ. 1898ರ ಸಂಕಲನದಲ್ಲಿ ಆತ ಇದರ ಬಗೆಗೇ ಒಂದು ದೀರ್ಘ ಪ್ರಬಂಧ ಬರೆದಿದ್ದಾನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಾಂಡಾ ಬಡಾವಣೆಯಲ್ಲಿ ತಿಂಡಿ ಮಾರುತ್ತಿದ್ದ ಛೂಜೋ ಎಂಬಾತ ಹುಳು ಮಾರುವ ವ್ಯಾಪಾರಕ್ಕೆ ಹೇಗೆ ಕೈಹಾಕಿದ, ಒದ್ದೆ ಜೇಡಿಮಣ್ಣಿನ ಜಾಡಿಯಲ್ಲಿ ಮೊಟ್ಟೆಯಿಂದ ಹುಳುಗಳನ್ನು ಹೇಗೆ ಬೆಳೆಸುತ್ತಾರೆ, ಯಾವುದಕ್ಕೆ ಎಷ್ಟು ಬೆಲೆ, ಎಲ್ಲವೂ ಅಲ್ಲಿದೆ. ವರದಿಗಾರನ ಹಳೆಯ ಚಾಳಿ! ಮಾಹಿತಿ ಸೊಗಸಾಗಿದೆ, ಮನಸ್ಸು ಮಾತ್ರ ಇನ್ನೂ ಅತಿಥಿಯದೇ.

1902ರ 'ಕೊತ್ತೊ' ಸಂಕಲನದಲ್ಲಿ 'ಕುಸ-ಹಿಬಾರಿ' ಎಂಬ ನಾಲ್ಕೈದು ಪುಟದ ಪ್ರಬಂಧವಿದೆ. ಹರ್ನನ ಸಮಸ್ತ ಬರಹದಲ್ಲಿ ನನಗೆ ಇದೇ ಶ್ರೇಷ್ಠವಾದದ್ದು. ಕುಸ-ಹಿಬಾರಿ ಎಂದರೆ ಹುಲ್ಲಿನ ಬಾನಾಡಿ. ನಮ್ಮ ಹಿತ್ತಲಲ್ಲಿ ರಾತ್ರಿ ಜೀರ್ ಎನ್ನುವ ಹುಳುವಿನ ಕುಲದ್ದು, ಗಾತ್ರದಲ್ಲಿ ಸೊಳ್ಳೆಯಷ್ಟು. ಅದರ ಪಂಜರ 2 ಅಂಗುಲ ಎತ್ತರ, ಒಂದೂವರೆ ಅಂಗುಲ ಅಗಲ. ಪೇಟೆಯಲ್ಲಿ ಬೆಲೆ 12 ಸೆನ್, ಎಂದರೆ ಯೆನ್ನಿನ ನೂರರಲ್ಲಿ ಹನ್ನೆರಡು ಪಾಲು. ದಿನಕ್ಕೊಂದು ಬದನೆಯ ಅಥವಾ ಸೌತೆಯ ಹೋಳು ಅದರ ಆಹಾರ. ಸಂಜೆಯಾಯಿತೆಂದರೆ ಅದರ ಸಣ್ಣ ನಾದ ಕೋಣೆಯನ್ನೆಲ್ಲ ತುಂಬುತ್ತದೆ. ಹೆಣ್ಣನ್ನು ಕರೆಯುವ ಹಾಡು ಅದು. ಜಾಡಿಯಲ್ಲಿ ಹುಟ್ಟಿದ ಹುಳು ಹೆಣ್ಣನ್ನೂ ಕಂಡಿಲ್ಲ, ಹುಲ್ಲನ್ನೂ ಕಂಡಿಲ್ಲ. ಹಾಗಾದರೆ ಹಾಡು ಕಲಿಸಿದವರು ಯಾರು? ಅಳಿದುಹೋದ ಲಕ್ಷಾಂತರ ತಲೆಮಾರುಗಳ ನೆನಪು ಅದರ ಮೈಯಲ್ಲಿ ಹಾಡುತ್ತಿದೆ ಎಂಬುದು ಹರ್ನನ ಉತ್ತರ. ಜೊತೆ ತರೋಣವೆಂದು ಹೊರಟರೆ ಹುಳು ಮಾರುವವನು ನಕ್ಕುಬಿಡುತ್ತಾನೆ: ಈ ಹುಳು ಸೆಪ್ಟೆಂಬರಿನಲ್ಲೇ ಸಾಯಬೇಕಾಗಿತ್ತಲ್ಲ! ಹರ್ನನ ಓದುವ ಕೋಣೆಯಲ್ಲಿ ಒಳ್ಳೆಯ ಒಲೆಯಿದೆಯೆಂಬುದು ಆ ವ್ಯಾಪಾರಿಗೆ ಗೊತ್ತಿಲ್ಲ. ಒಲೆಯ ಶಾಖದಲ್ಲಿ ಹುಳು ನವೆಂಬರಿನ ಕೊನೆಯವರೆಗೂ ಹಾಡುತ್ತದೆ.

ನವೆಂಬರ್ 29ರ ಸಂಜೆ ಮೇಜಿನ ಮುಂದೆ ಕೂತ ಹರ್ನನಿಗೆ ಕೋಣೆ ಬರಿದಾದಂತೆ ಅನಿಸುತ್ತದೆ. ಎದ್ದು ನೋಡಿದರೆ ಒಣಗಿ ಕಲ್ಲಾದ ಬದನೆ ಹೋಳಿನ ಪಕ್ಕದಲ್ಲಿ ಹುಳು ಸತ್ತು ಬಿದ್ದಿದೆ. ಮೂರು ನಾಲ್ಕು ದಿನ ಅದಕ್ಕೆ ಆಹಾರವಿರಲಿಲ್ಲ. ಹುಳುಗಳನ್ನು ನೋಡಿಕೊಳ್ಳುತ್ತಿದ್ದವನು ಅದೇ ಮನೆಯಲ್ಲಿದ್ದು ಓದುತ್ತಿದ್ದ ಅಕಿ ಎಂಬ ಹುಡುಗ. ಆತ ವಾರದ ಮಟ್ಟಿಗೆ ಹಳ್ಳಿಗೆ ಹೋದಾಗ ಕೆಲಸ ಹಾನಾ ಎಂಬ ಆಳುಹುಡುಗಿಗೆ ಬಿದ್ದಿತು. ಮರೆಯಲಿಲ್ಲ, ಬದನೆಕಾಯಿ ಮುಗಿದಿತ್ತು ಎಂದು ಹಾನಾ ಹೇಳುತ್ತಾಳೆ. ಸೌತೆಯನ್ನೋ ಈರುಳ್ಳಿಯನ್ನೋ ಹಾಕಬಹುದೆಂದು ಅವಳಿಗೆ ಹೊಳೆಯಲಿಲ್ಲ. ಹರ್ನ್ ಗದರುತ್ತಾನೆ, ಅವಳು ತಪ್ಪಾಯಿತು ಎನ್ನುತ್ತಾಳೆ. ಆಮೇಲೆ ಆತನಿಗೇ ನಾಚಿಕೆ: ಜವೆಗೋಧಿಯ ಅರೆಕಾಳಿನಷ್ಟಿದ್ದ ಹುಳುವಿಗಾಗಿ ಒಬ್ಬ ಒಳ್ಳೆಯ ಹುಡುಗಿಯ ಮನಸ್ಸು ನೋಯಿಸಿದೆನಲ್ಲಾ ಎಂದು.

ಪ್ರಬಂಧ ಇಲ್ಲಿಗೆ ನಿಲ್ಲುವುದಿಲ್ಲ. ಹಸಿದ ಹುಳು ಕೊನೆಯವರೆಗೂ ಹಾಡಿತು, ತನ್ನ ಕಾಲುಗಳನ್ನೇ ತಿಂದುಕೊಂಡು ಹಾಡಿತು ಎಂದು ಹೇಳಿ, ತಮ್ಮ ಹೃದಯವನ್ನೇ ತಿಂದುಕೊಂಡು ಹಾಡಬೇಕಾದ ಮನುಷ್ಯರೂ ಇದ್ದಾರೆಂಬ ಮಾತಿನಿಂದ ಮುಗಿಸುತ್ತಾನೆ. ಮೆಚ್ಚುವವರು ಮೆಚ್ಚುವುದು ಈ ಕೊನೆಯನ್ನೇ. ನನ್ನ ಅಭಿಪ್ರಾಯ ಬೇರೆ. ಔಚಿತ್ಯದ ದೃಷ್ಟಿಯಿಂದ ಇದೇ ಪ್ರಬಂಧದ ದುರ್ಬಲ ಸ್ಥಾನ. ಹುಳು ಇದ್ದಕ್ಕಿದ್ದಂತೆ ಕವಿಯಾಗಿಬಿಡುತ್ತದೆ. ಕವಿ ಎಂದರೆ ಹರ್ನನೇ. ಆತನ ಕರುಣೆ ಸುತ್ತಿ ಬಂದು ತನ್ನ ಮೇಲೆಯೇ ಕೂರುತ್ತದೆ. ಅದಕ್ಕಿಂತ ಹಾನಾ ತಲೆ ತಗ್ಗಿಸಿ ನಿಂತ ಆ ಒಂದು ಕ್ಷಣ ಎಷ್ಟೋ ದೊಡ್ಡದು. ಅವಳ ಮಾತನ್ನೇ ನೋಡಿ. ಬದನೆ ಹಾಕು ಎಂದಿದ್ದರು, ಬದನೆ ಮುಗಿಯಿತು. ಅಡಿಗೆಮನೆಯ ನ್ಯಾಯದಲ್ಲಿ ಈ ಉತ್ತರಕ್ಕೆ ತೂಕವಿದೆ. ನವೆಂಬರಿನ ಚಳಿಯಲ್ಲಿ ಬದನೆಕಾಯಿಗೆ ಅವಳು ಎಲ್ಲಿಗೆ ಹೋಗಬೇಕಾಗಿತ್ತು? ಒಲೆಯಿರುವ ಕೋಣೆ ಯಜಮಾನನದು.

ಹಿಂದೆ ಸರಿದು ನೋಡಿದರೆ, ಎರಡು ತಿಂಗಳ ಆ ಸಂಗೀತವೆಲ್ಲ ಯಾರೋ ದಿನವೂ ಕತ್ತರಿಸಿಟ್ಟ ಒಂದು ಹೋಳಿನ ಮೇಲೆ ನಿಂತಿತ್ತು. ಅಕಿ ಅದನ್ನು ಮಾಡುತ್ತಿದ್ದಷ್ಟು ಕಾಲ ಪ್ರಬಂಧದಲ್ಲಿ ಅವನ ಹೆಸರಿಲ್ಲ. ಹಾಡು ನಿಂತ ಮೇಲೆಯೇ ಅವನ ಹೆಸರು ಬರುತ್ತದೆ. 1896ರ 'ಕೊಕೊರೊ' ಪುಸ್ತಕದಲ್ಲಿ ಇದೇ ಹರ್ನ್ ಪಿತೃಪೂಜೆಯನ್ನು ಕುರಿತು ಬರೆಯುತ್ತ, ಸತ್ತವರು ಬಿಟ್ಟುಹೋದದ್ದನ್ನೆಲ್ಲ ಉಣ್ಣುವ ಪಶ್ಚಿಮದವರಿಗೆ ಅವರ ಋಣದ ನೆನಪಿಲ್ಲವೆಂದು ಚುಚ್ಚಿದ್ದ. ಸಾವಿರ ತಲೆಮಾರುಗಳ ಋಣವನ್ನು ಲೆಕ್ಕ ಹಾಕಬಲ್ಲವನಿಗೆ ತನ್ನ ಮನೆಯ ಅಡಿಗೆಮನೆಯ ಋಣ ಕಾಣಲು ಒಂದು ಹುಳು ಸಾಯಬೇಕಾಯಿತು. ಆದರೂ ಆತ ಅದನ್ನು ಮುಚ್ಚಿಡಲಿಲ್ಲ. ಗದರಿದ್ದನ್ನೂ ನಾಚಿದ್ದನ್ನೂ ಬರೆದ. ಮಾತ್ಸುಯೆಯ ಬೆಳಗನ್ನು ಬರೆದ ಅತಿಥಿಗೆ ಇದು ಸಾಧ್ಯವಿರಲಿಲ್ಲ. ನಮ್ಮ ಪ್ರವಾಸ ಸಾಹಿತ್ಯದಲ್ಲಿ ಹಿಮ ಇದೆ, ಕಾಫಿ ಇದೆ. ಬೆಳಗಿನ ಜಾವ ಎದ್ದು ಆ ಹಿಮವನ್ನು ರಸ್ತೆಯಿಂದ ಬಳಿದವನು ಬಹುಮಟ್ಟಿಗೆ ಕಾಣುವುದಿಲ್ಲ. ಅವನೂ ಎಷ್ಟೋ ಸಲ ಪರದೇಶಿಯೇ.

ಸೆತ್ಸುವಿನ ಮಾತು ಹೇಳದಿದ್ದರೆ ಈ ಲೆಕ್ಕ ಪೂರ್ತಿಯಾಗದು. ಆಕೆಯ ಸ್ಮರಣೆಗಳು 1918ರಲ್ಲಿ ಇಂಗ್ಲಿಷಿನಲ್ಲಿ ಬಂದವು. ಚಿಕ್ಕ ಪುಸ್ತಕ, ಅಲಂಕಾರವಿಲ್ಲದ ಮಾತು. ಗಂಡನಿಗೆ ಜಪಾನೀ ಓದಲು ಬಾರದು. ರಾತ್ರಿ ದೀಪದ ಬತ್ತಿಯನ್ನು ಸಣ್ಣಗೆ ಮಾಡಿ ಆಕೆ ಹಳೆಯ ಕಥೆ ಹೇಳುವಳು. ಪುಸ್ತಕ ನೋಡಿ ಹೇಳಬೇಡ, ನಿನ್ನ ಮಾತಿನಲ್ಲೇ ಹೇಳು ಎಂದು ಆತನ ಹಟ. ಜಗತ್ತು ಓದಿದ ಆ ದೆವ್ವದ ಕಥೆಗಳಲ್ಲಿ ಅನೇಕವು ಹೀಗೆ ಆಕೆಯ ಬಾಯಿಂದ ಬಂದವು. ಪುಸ್ತಕದ ಮುಖಪುಟದಲ್ಲಿ ಆಕೆಯ ಹೆಸರಿಲ್ಲ. ಹರ್ನನನ್ನು ಆರಾಧಿಸುವವರು ಇದನ್ನು ಆ ಕಾಲದ ರೂಢಿಯೆಂದು ತಳ್ಳಿಹಾಕುತ್ತಾರೆ. ರೂಢಿಯೇ ಇರಬಹುದು.

ಆ ಸ್ಮರಣೆಗಳಲ್ಲಿ 1904ರ ಶರತ್ಕಾಲದ ಪ್ರಸಂಗವೊಂದಿದೆ. ಹರ್ನ್ ಹೃದಯದ ಬೇನೆಯಿಂದ ಸೋತಿದ್ದ; ಸೆಪ್ಟೆಂಬರ್ 26ರಂದು ತೀರಿಕೊಂಡ. ಅದಕ್ಕೆ ಸ್ವಲ್ಪ ಮುಂಚೆ, ಮನೆಯಲ್ಲಿ ಸಾಕಿದ್ದ ಇನ್ನೊಂದು ಹಾಡುವ ಹುಳುವಿನ ದನಿ ಕುಗ್ಗುತ್ತ ಬಂದದ್ದು ಗಂಡ ಹೆಂಡತಿ ಇಬ್ಬರ ಕಿವಿಗೂ ಬಿತ್ತು. ಚಳಿ ಹತ್ತಿರವಾಗುತ್ತಿತ್ತು. ಈ ಸಲ ಒಲೆಯ ಮಾತು ಬರಲಿಲ್ಲ. ಬಿಸಿಲು ಬೆಚ್ಚಗಿರುವ ದಿನ ನೋಡಿ ಅದನ್ನು ಮೆಲ್ಲಗೆ ಹುಲ್ಲಿಗೆ ಬಿಟ್ಟುಬರೋಣವೆಂದು ಇಬ್ಬರೂ ಮಾತಾಡಿಕೊಂಡರು.